ಅಗ್ಗದ ರೈಫಲ್, ಒತ್ತಾದ ಗುಂಪು

ರೈಫಲ್‌ನ ನಿಖರತೆಯನ್ನು ಒಂದು ಗುಂಡಿನಿಂದ ಅಳೆಯಲು ಬರುವುದಿಲ್ಲ. ಅದಕ್ಕೆ ಗುಂಡುಗಳ ಗುಂಪು ಬೇಕು. ಒಂದೇ ಗುರಿಗೆ ಹೊಡೆದ ಐದು ಗುಂಡುಗಳು ನಡುಬಿಂದುವಿನಿಂದ ಗೇಣುದೂರ ಬಿದ್ದಿದ್ದರೂ, ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಒತ್ತಾಗಿದ್ದರೆ ಆ ರೈಫಲ್ ಒಳ್ಳೆಯದೇ. ಸ್ಕೋಪಿನ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಗುಂಪು ಇಡಿಯಾಗಿ ನಡುವಿಗೆ ಸರಿಯುತ್ತದೆ. ಐದೂ ಐದು ದಿಕ್ಕಿಗೆ ಚದುರಿದ್ದರೆ ಯಾವ ತಿರುಪೂ ಅವನ್ನು ಕೂಡಿಸಲಾರದು.

ಹಾಗಾಗಿ ನಿಖರತೆಯ ಇನ್ನೊಂದು ಹೆಸರು ಏಕರೂಪತೆ. ಪ್ರತಿ ಕಾಡತೂಸೂ ಒಂದೇ ಹದದಲ್ಲಿ ಸಿಡಿಯಬೇಕು. ನಳಿಗೆ ಪ್ರತಿ ಸಲ ಒಂದೇ ರೀತಿ ಕಂಪಿಸಬೇಕು. ಹೊಡೆಯುವವರ ಹೆಗಲು, ಕೆನ್ನೆ, ಬೆರಳು ಪ್ರತಿ ಸಲ ಅದೇ ಜಾಗದಲ್ಲಿರಬೇಕು. ದುಬಾರಿ ಸ್ಪರ್ಧಾ ರೈಫಲ್‌ಗಳಲ್ಲಿ ಈ ಏಕರೂಪತೆಯ ದೊಡ್ಡ ಪಾಲು ಕಾರ್ಖಾನೆಯಿಂದಲೇ ಬರುತ್ತದೆ. ಅಗ್ಗದ ರೈಫಲ್‌ನಲ್ಲಿ ಅದನ್ನು ಒಂದೊಂದಾಗಿ ಹುಡುಕಿ ತರಬೇಕು. ಈ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಜತೆಗೆ ಒಂದು ಕ್ರಮವೂ ಬೇಕು.

ಪಾಯಿಂಟ್ 22 ಕಾಡತೂಸಿನ ಇಂಥ ಅಗ್ಗದ ರೈಫಲ್‌ಗಳ ತವರು ಅಮೆರಿಕ. ಅಲ್ಲಿ 1964ರಲ್ಲಿ ಮಾರುಕಟ್ಟೆಗೆ ಬಂದ ರೂಗರ್ 10/22 ಇವುಗಳಲ್ಲಿ ಬಹು ಹೆಸರಾದದ್ದು. ತೂಕ ಸುಮಾರು 2.3 ಕಿಲೋ. ಹತ್ತು ಕಾಡತೂಸು ಹಿಡಿಯುವ, ಒಳಗೇ ತಿರುಗುವ ಪುಟ್ಟ ಮ್ಯಾಗಝಿನ್ ಅದರ ಗುರುತು. ಮಾರ್ಲಿನ್ ಮಾಡೆಲ್ 60, ಬೋಲ್ಟ್ ಎಳೆದು ಹೊಡೆಯುವ ಸ್ಯಾವೇಜ್ ಮಾರ್ಕ್ 2 ಕೂಡ ಇದೇ ಸಾಲಿನವು. ಕಡಿಮೆ ಬೆಲೆಯ ಈ ರೈಫಲ್‌ಗಳಿಗಾಗಿಯೇ ಅಲ್ಲಿ ‘ರಿಮ್‌ಫೈರ್ ಸ್ಪೋರ್ಟರ್’ ಎಂಬ ಸ್ಪರ್ಧೆಯಿದೆ. ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ ನಡೆಯುವ ಈ ಸ್ಪರ್ಧೆಯ ನಿಯಮದಂತೆ ರೈಫಲ್ ಏಳೂವರೆ ಪೌಂಡ್ ಅಂದರೆ ಸುಮಾರು 3.4 ಕಿಲೋ ಮೀರಬಾರದು. ಗುರಿಗಳು 50 ಮತ್ತು 25 ಗಜಗಳಲ್ಲಿ. ಸಾಧಾರಣ ರೈಫಲ್‌ನಿಂದ ಎಷ್ಟು ಸಾಧ್ಯ ಎಂಬುದನ್ನು ಪರೀಕ್ಷಿಸುವುದೇ ಅದರ ಉದ್ದೇಶ.

ಅಂಚಿನಲ್ಲಿ ಸಿಡಿಯುವ ಕಾಡತೂಸು

ಸುಧಾರಣೆಯ ಕ್ರಮ ಅರ್ಥವಾಗಬೇಕಾದರೆ ಮೊದಲು ಕಾಡತೂಸಿನ ರಚನೆ ತಿಳಿದಿರಬೇಕು. ಪಾಯಿಂಟ್ 22 ಲಾಂಗ್ ರೈಫಲ್ ಕಾಡತೂಸು 1887ರಿಂದ ಬಳಕೆಯಲ್ಲಿದೆ. ದೊಡ್ಡ ರೈಫಲ್‌ಗಳ ಕಾಡತೂಸಿಗೆ ಬುಡದ ನಡುವೆ ಪ್ರತ್ಯೇಕ ಕಿಡಿಗುಪ್ಪಿ ಇರುತ್ತದೆ. ಇದಕ್ಕೆ ಅದಿಲ್ಲ. ಹಿತ್ತಾಳೆ ಕವಚದ ಬುಡದಲ್ಲಿ ಸುತ್ತಲೂ ಮಡಿಸಿದ ಟೊಳ್ಳು ಅಂಚಿದೆ. ಕಿಡಿ ಹೊತ್ತಿಸುವ ರಾಸಾಯನಿಕವನ್ನು ಒದ್ದೆಯಾಗಿರುವಾಗ ಕವಚಕ್ಕೆ ಹಾಕಿ ಗಿರ್ರನೆ ತಿರುಗಿಸಿ ಆ ಅಂಚಿನೊಳಗೆ ಹರಡುತ್ತಾರೆ. ರೈಫಲ್‌ನ ಸೂಜಿ ಅಂಚನ್ನು ಜಜ್ಜಿದಾಗ ಕಿಡಿ ಹೊತ್ತಿ ಮದ್ದು ಉರಿಯುತ್ತದೆ; ‘ರಿಮ್‌ಫೈರ್’ ಎಂದರೆ ಇದೇ.

ಅಗ್ಗವಾಗಿರುವುದಕ್ಕೂ ಅಸ್ಥಿರವಾಗಿರುವುದಕ್ಕೂ ಕಾರಣ ಈ ರಚನೆಯೇ. ಅಂಚಿನ ಒಂದು ಕಡೆ ರಾಸಾಯನಿಕ ದಪ್ಪವಾಗಿ, ಇನ್ನೊಂದು ಕಡೆ ತೆಳ್ಳಗೆ ಕೂತಿದ್ದರೆ ಕಿಡಿಯ ಬಲ ಬದಲಾಗುತ್ತದೆ. ಅಂಚಿನ ದಪ್ಪ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸೂಜಿಯ ಏಟು ಬೇರೆಯಾಗುತ್ತದೆ. ಒಳಗಿರುವ ಮದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟು ಕಡಿಮೆ ಮದ್ದಿನಲ್ಲಿ ಎರಡು ಹರಳು ಏರುಪೇರಾದರೂ ಗುಂಡಿನ ವೇಗದಲ್ಲಿ ಗೊತ್ತಾಗುತ್ತದೆ. ದೊಡ್ಡ ರೈಫಲ್ ಹಿಡಿದವರು ಖಾಲಿ ಕವಚಕ್ಕೆ ತಾವೇ ಮದ್ದು ತುಂಬಿ, ತಮ್ಮ ರೈಫಲ್‌ಗೆ ಒಗ್ಗುವ ಹದ ಕಂಡುಕೊಳ್ಳಬಹುದು. ಪಾಯಿಂಟ್ 22ರ ಕವಚ ಒಮ್ಮೆ ಸಿಡಿದರೆ ಮುಗಿಯಿತು, ಮತ್ತೆ ತುಂಬಲಾಗದು. ಹೀಗಾಗಿ ಈ ರೈಫಲ್‌ಗೆ ಹದ ಕೂಡಿಸುವ ಅವಕಾಶವಿಲ್ಲ, ಆರಿಸಿಕೊಳ್ಳುವ ಅವಕಾಶ ಮಾತ್ರ ಇದೆ.

ಮೊದಲು ಅಳತೆ

ಏನನ್ನಾದರೂ ಬದಲಿಸುವ ಮುನ್ನ ರೈಫಲ್ ಈಗ ಎಷ್ಟು ನಿಖರವಾಗಿದೆ ಎಂದು ಬರೆದಿಡಬೇಕು. ಗಾಳಿಯಿಲ್ಲದ ಬೆಳಗ್ಗೆ, 50 ಮೀಟರ್ ದೂರದಲ್ಲಿ, ಗಟ್ಟಿ ಮೇಜಿನ ಮೇಲೆ ಮುಂದೊಂದು ಹಿಂದೊಂದು ಮರಳಿನ ಚೀಲ ಇಟ್ಟು ಹೊಡೆಯುವುದು ವಾಡಿಕೆ. ಗುಂಪಿನಲ್ಲಿ ಒಂದಕ್ಕೊಂದು ಅತಿ ದೂರವಿರುವ ಎರಡು ರಂಧ್ರಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ಅಂತರವೇ ಗುಂಪಿನ ಗಾತ್ರ.

ಒಂದು ಒಳ್ಳೆಯ ಗುಂಪು ಏನನ್ನೂ ಸಾಬೀತು ಮಾಡುವುದಿಲ್ಲ. ಮೂರು ಗುಂಡುಗಳು ಅದೃಷ್ಟದಿಂದಲೂ ಒಂದೇ ಕಡೆ ಬೀಳಬಹುದು. ಐದೈದು ಗುಂಡುಗಳ ಐದು ಗುಂಪು ಹೊಡೆದು ಸರಾಸರಿ ತೆಗೆದಾಗ ಸಿಗುವ ಅಂಕಿ ನಂಬುವಂಥದ್ದು. ಸರಾಸರಿಯ ಜತೆಗೆ ಗುಂಪಿನ ಆಕಾರವನ್ನೂ ನೋಡಬೇಕು. ರಂಧ್ರಗಳು ಮೇಲಿಂದ ಕೆಳಕ್ಕೆ ಸಾಲಾಗಿದ್ದರೆ ಕಾಡತೂಸಿನ ವೇಗ ಏರುಪೇರಾಗುತ್ತಿರಬಹುದು. ಅಡ್ಡಲಾಗಿ ಹರಡಿದ್ದರೆ ಗಾಳಿಯ ಅಥವಾ ಟ್ರಿಗರ್ ಎಳೆಯುವ ಬೆರಳಿನ ಮೇಲೆ ಅನುಮಾನ ಪಡಬೇಕು. ಎರಡು ಬೇರೆ ಬೇರೆ ಗುಂಪುಗಳಾಗಿ ಒಡೆದಿದ್ದರೆ ಎಲ್ಲೋ ಒಂದು ತಿರುಪು ಸಡಿಲವಾಗಿದೆ, ಇಲ್ಲವೇ ನಳಿಗೆ ಮರಕ್ಕೆ ತಾಗುತ್ತಿದೆ.

ಇಲ್ಲಿಂದ ಮುಂದೆ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದು ಬದಲಾವಣೆ, ಪ್ರತಿ ಬದಲಾವಣೆಯ ನಂತರ ಮತ್ತೆ ಅದೇ ಅಳತೆ. ಕಾಡತೂಸು, ಸ್ಕೋಪ್, ತಿರುಪು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಗುಣ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವುದೇ ಇಲ್ಲ.

ಕಾಡತೂಸಿನ ಆಯ್ಕೆ

ಅಗ್ಗದ ರೈಫಲ್‌ಗೆ ಅತಿ ಹೆಚ್ಚು ಗುಣ ಕೊಡುವ ಬದಲಾವಣೆಗೆ ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ. ಅದು ಕಾಡತೂಸಿನ ಬದಲಾವಣೆ. ಸಗಟು ಡಬ್ಬಿಯ ಕಾಡತೂಸು ಹಾಕಿದಾಗ 50 ಮೀಟರಿಗೆ 40 ಮಿಲಿಮೀಟರ್ ಗುಂಪು ಕೊಡುವ ರೈಫಲ್, ಒಗ್ಗುವ ಕಾಡತೂಸು ಸಿಕ್ಕಾಗ ಅದರ ಅರ್ಧಕ್ಕೆ ಇಳಿಯುವುದು ಅಪರೂಪವಲ್ಲ.

ವೇಗವೇ ಇಲ್ಲಿನ ಮುಖ್ಯ ವಿಷಯ. ಸಾಮಾನ್ಯ ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ‘ಸ್ಟ್ಯಾಂಡರ್ಡ್ ವೆಲಾಸಿಟಿ’ ಎಂಬ ಹೆಸರಿನವು ನಳಿಗೆಯಿಂದ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತವೆ. ‘ಹೈ ವೆಲಾಸಿಟಿ’ಯವು ಸುಮಾರು 380 ಮೀಟರ್ ವೇಗದಲ್ಲಿ. ಶಬ್ದದ ವೇಗ ಇವೆರಡರ ನಡುವೆ, 340 ಮೀಟರಿನ ಆಸುಪಾಸಿನಲ್ಲಿದೆ. ಹೆಚ್ಚು ವೇಗದ ಗುಂಡು ಹಾರುತ್ತಾ ನಿಧಾನಗೊಂಡು ಶಬ್ದದ ವೇಗವನ್ನು ಮೇಲಿನಿಂದ ಕೆಳಕ್ಕೆ ದಾಟುವಾಗ ಅದರ ಸುತ್ತಲಿನ ಗಾಳಿಯ ಒತ್ತಡ ಕಲಕಿ ಗುಂಡು ಅಲುಗಬಹುದು. ಸ್ಟ್ಯಾಂಡರ್ಡ್ ಗುಂಡು ಆ ಗಡಿಯ ಕೆಳಗೇ ಹೊರಟು ಕೆಳಗೇ ಉಳಿಯುತ್ತದೆ. ಸ್ಪರ್ಧೆಗೆಂದೇ ತಯಾರಾಗುವ ಕಾಡತೂಸುಗಳೆಲ್ಲ ಹೆಚ್ಚುಕಡಿಮೆ ಈ ವೇಗದವೇ ಆಗಿರುವುದು ಇದರಿಂದ.

ವೇಗ ಎಷ್ಟಿದೆ ಎನ್ನುವುದಕ್ಕಿಂತ ಒಂದರಿಂದೊಂದಕ್ಕೆ ಎಷ್ಟು ವ್ಯತ್ಯಾಸವಿದೆ ಎನ್ನುವುದು ಇನ್ನೂ ಮುಖ್ಯ. 325 ಮೀಟರ್ ವೇಗದ ಗುಂಡು 50 ಮೀಟರ್ ಸಾಗುವಷ್ಟರಲ್ಲಿ ಗುರುತ್ವದಿಂದ ಸುಮಾರು 12 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಅಂತರವಿದ್ದರೆ ಗುರಿಯಲ್ಲಿ ಅವುಗಳ ನಡುವೆ ಸುಮಾರು 7 ಮಿಲಿಮೀಟರ್ ಅಂತರ ಬೀಳುತ್ತದೆ. 100 ಮೀಟರಿಗೆ ಅದೇ ಅಂತರ 3 ಸೆಂಟಿಮೀಟರಿಗೆ ಬೆಳೆಯುತ್ತದೆ. ಗುಂಡು ಹೊರಡುವ ಮೊದಲೇ ನಿರ್ಧಾರವಾದ ಈ ಏರುಪೇರನ್ನು ಎಂಥ ನಳಿಗೆಯೂ ಸರಿಪಡಿಸಲಾರದು.

ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಕಾಡತೂಸು ಒಂದು ನಿರ್ದಿಷ್ಟ ರೈಫಲ್‌ಗೆ ಒಗ್ಗುತ್ತದೆ ಎನ್ನಲಾಗದು. ಒಂದೇ ಮಾದರಿಯ ಎರಡು ರೈಫಲ್‌ಗಳೂ ಬೇರೆ ಬೇರೆ ಕಾಡತೂಸನ್ನು ಇಷ್ಟಪಡುತ್ತವೆ. ಒಂದೇ ಹೆಸರಿನ ಕಾಡತೂಸು ಕೂಡ ತಯಾರಾದ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಅದಕ್ಕಾಗಿಯೇ ಪೆಟ್ಟಿಗೆಗಳ ಮೇಲೆ ಕಂತಿನ ಸಂಖ್ಯೆ ಅಚ್ಚಾಗಿರುತ್ತದೆ. ಇಂಗ್ಲೆಂಡಿನ ಈಲಿ, ಜರ್ಮನಿಯ ಶೋನಬೆಕ್‌ನಲ್ಲಿ ಪಾಯಿಂಟ್ 22 ತಯಾರಿಸುವ ಲಾಪುವಾ ಕಂಪನಿಗಳು ಸ್ಪರ್ಧಿಗಳ ರೈಫಲ್‌ಗಳನ್ನು ಕಟ್ಟೆಗೆ ಬಿಗಿದು ಬೇರೆ ಬೇರೆ ಕಂತುಗಳಿಂದ ಹೊಡೆದು ನೋಡುವ ಕೇಂದ್ರಗಳನ್ನೇ ಇಟ್ಟುಕೊಂಡಿವೆ. ಸಾಧಾರಣ ರೈಫಲ್‌ನವರು ಇದನ್ನೇ ಚಿಕ್ಕದಾಗಿ ಮಾಡಬಹುದು: ಆರೇಳು ಬಗೆಯ ಒಂದೊಂದು ಪೆಟ್ಟಿಗೆ ತಂದು ಹೊಡೆದು ನೋಡಿ, ಗೆದ್ದ ಕಂತಿನದ್ದೇ ಹೆಚ್ಚು ಪೆಟ್ಟಿಗೆ ಕೊಳ್ಳುವುದು.

ಈ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ಸೀಸದ ಗುಂಡಿನ ಮೇಲೆ ಮೇಣದ ಅಥವಾ ಎಣ್ಣೆಯ ತೆಳು ಲೇಪವಿರುತ್ತದೆ. ಹೊಡೆದಂತೆ ಅದು ನಳಿಗೆಯ ಒಳಮೈಗೆ ಹತ್ತುತ್ತದೆ. ಕಾಡತೂಸು ಬದಲಿಸಿದಾಗ ಹಳೆಯ ಲೇಪ ಹೋಗಿ ಹೊಸದು ಹದವಾಗಿ ಕೂರಲು ಹತ್ತಿಪ್ಪತ್ತು ಗುಂಡು ಬೇಕಾಗುತ್ತದೆ. ಮೊದಲ ಐದು ಗುಂಡಿನಲ್ಲೇ ಹೊಸ ಕಾಡತೂಸನ್ನು ತಳ್ಳಿಹಾಕಿದರೆ ಅದಕ್ಕೆ ಅನ್ಯಾಯ ಮಾಡಿದಂತೆ.

ಕಾಡತೂಸುಗಳ ಅಂಚಿನ ದಪ್ಪ ಅಳೆದು, ತೂಗಿ ವಿಂಗಡಿಸುವವರೂ ಇದ್ದಾರೆ. ಕಳಪೆ ಕಾಡತೂಸಿನಲ್ಲಿ ಎದ್ದು ಕಾಣುವ ಕೆಟ್ಟವು ಅದರಿಂದ ಹೊರಬೀಳುತ್ತವೆ. ಆದರೆ ಅದಕ್ಕೆ ತಗಲುವ ಹೊತ್ತಿಗೆ ಹೋಲಿಸಿದರೆ ಒಂದು ಮೆಟ್ಟಿಲು ಮೇಲಿನ ಕಾಡತೂಸು ಕೊಳ್ಳುವುದೇ ಲಾಭ.

ತಿರುಪು, ಮರ, ನಳಿಗೆ

ಕಾಡತೂಸು ಗೊತ್ತಾದ ಮೇಲೆ ರೈಫಲ್‌ನ ಕಡೆ ನೋಡಬೇಕು. ಲೋಹದ ಭಾಗವನ್ನು ಮರದ ಅಥವಾ ಪ್ಲಾಸ್ಟಿಕ್‌ನ ಹಿಡಿಗೆ ಕಟ್ಟಿಹಾಕುವುದು ಒಂದೋ ಎರಡೋ ತಿರುಪುಗಳು. 10/22ರಲ್ಲಿ ಅಂಥದ್ದು ಒಂದೇ ತಿರುಪು. ಅದು ಇಂದೊಂದು ಬಿಗಿ, ನಾಳೆಯೊಂದು ಬಿಗಿಯಾದರೆ ಗುಂಪು ಜಾಗ ಬದಲಿಸುತ್ತದೆ. ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ ತಯಾರಕರು ಹೇಳಿದ ಮಿತಿಯೊಳಗೆ ಸ್ವಲ್ಪ ಸ್ವಲ್ಪವೇ ಬದಲಿಸಿ, ಪ್ರತಿ ಹಂತದಲ್ಲೂ ಗುಂಪು ಹೊಡೆದರೆ ಆ ರೈಫಲ್‌ಗೆ ಹಿತವಾದ ಬಿಗಿತ ಸಿಗುತ್ತದೆ. ಈ ರೈಫಲ್‌ಗಳಿಗೆ ಅದು ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್ ಸುತ್ತಮುತ್ತ. ಅಲ್ಯೂಮಿನಿಯಂ ಮೈಯ ರೈಫಲ್‌ನಲ್ಲಿ ಅತಿಯಾಗಿ ಬಿಗಿದರೆ ತಿರುಪಿನ ಹಲ್ಲುಗಳೇ ಕಿತ್ತುಹೋಗುತ್ತವೆ.

ಗುಂಡು ಹಾರಿದಾಗ ನಳಿಗೆ ಮೀಟಿದ ತಂತಿಯಂತೆ ಕಂಪಿಸುತ್ತದೆ. ಆ ಕಂಪನ ಪ್ರತಿ ಸಲ ಒಂದೇ ರೀತಿ ಇದ್ದರೆ ಗುಂಡು ನಳಿಗೆಯ ಬಾಯಿ ಒಂದೇ ದಿಕ್ಕಿನಲ್ಲಿರುವಾಗ ಹೊರಡುತ್ತದೆ. ನಳಿಗೆ ಮುಂದಿನ ಮರಕ್ಕೆ ಅಲ್ಲಲ್ಲಿ ತಾಗಿದರೆ, ಬಿಸಿಯಾದಂತೆ ಒತ್ತಡ ಬದಲಾದರೆ, ಕಂಪನವೂ ಬದಲಾಗುತ್ತದೆ. ನಳಿಗೆಗೂ ಮರಕ್ಕೂ ನಡುವೆ ದಪ್ಪ ಕಾಗದವೊಂದನ್ನು ಮುಂದಿನಿಂದ ಹಿಂದಕ್ಕೆ ಎಳೆದು ನೋಡಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಾಗುತ್ತಿದೆ ಎಂದರ್ಥ. ಅಲ್ಲಿ ಮರವನ್ನು ಉಪ್ಪುಕಾಗದದಿಂದ ಉಜ್ಜಿ ತೆರವು ಮಾಡಿ, ಉಜ್ಜಿದ ಜಾಗಕ್ಕೆ ನೀರು ಹೀರದಂತೆ ಲೇಪ ಕೊಡಬೇಕು. 10/22ರ ಕೆಲವು ಮಾದರಿಗಳಲ್ಲಿ ನಳಿಗೆಯನ್ನು ಮರಕ್ಕೆ ಸುತ್ತಿ ಹಿಡಿದ ಪಟ್ಟಿಯೂ ಇಂಥದ್ದೇ ಒತ್ತಡ ಹಾಕುತ್ತದೆ. ಹಾಗೆಂದು ನಳಿಗೆ ಎಲ್ಲೂ ತಾಗಬಾರದು ಎಂಬುದು ಎಲ್ಲ ರೈಫಲ್‌ಗಳ ನಿಯಮವಲ್ಲ. ತೆಳ್ಳನೆಯ ಕೆಲವು ನಳಿಗೆಗಳು ತುದಿಯ ಬಳಿ ಸ್ಥಿರವಾದ ಹಗುರ ಒತ್ತಡ ಇದ್ದಾಗಲೇ ಚೆನ್ನಾಗಿ ನಡೆಯುತ್ತವೆ. ಮರ ಉಜ್ಜುವ ಮೊದಲು ತುದಿಯ ಬಳಿ ರಟ್ಟಿನ ತುಂಡು ಇಟ್ಟೂ ಇಡದೆಯೂ ಹೊಡೆದು ನೋಡಿದರೆ ಪಶ್ಚಾತ್ತಾಪ ತಪ್ಪುತ್ತದೆ.

ಮಳೆನಾಡಿನಲ್ಲಿ ಮರದ ವಿಷಯಕ್ಕೆ ಇನ್ನಷ್ಟು ಮಹತ್ವವಿದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕೋವಿಗಳಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಪಾಯಿಂಟ್ 22 ಅಲ್ಲಿ ಪ್ರತ್ಯೇಕ ವಿಭಾಗವಾಗಿರುವುದುಂಟು. ಆಗ ಸೆಪ್ಟೆಂಬರ್, ಮಳೆಗಾಲ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಬೇಸಿಗೆಯಲ್ಲಿ ನಳಿಗೆಗೆ ತಾಗದಿದ್ದ ಮರ ತಿಂಗಳುಗಟ್ಟಲೆ ತೇವ ಕುಡಿದು ಉಬ್ಬಿ ಈಗ ತಾಗಬಹುದು. ಏಪ್ರಿಲ್‌ನಲ್ಲಿ ಸರಿಹೊಂದಿಸಿದ ಗುರಿಯನ್ನು ಪಂದ್ಯದ ಮುನ್ನ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕಾದದ್ದು ಇದಕ್ಕಾಗಿ.

ಲೋಹದ ಭಾಗ ಮರದಲ್ಲಿ ಕೂರುವ ಜಾಗವೇ ಸಡಿಲವಾಗಿದ್ದರೆ ಎಪಾಕ್ಸಿಯಿಂದ ಅದಕ್ಕೆ ಸರಿಯಾದ ಅಚ್ಚು ಎರೆಯುವ ಪದ್ಧತಿಯಿದೆ. ಇದನ್ನು ಬೆಡ್ಡಿಂಗ್ ಎನ್ನುತ್ತಾರೆ. ತಿರುಪಿನ ಸುತ್ತ ಲೋಹದ ಪುಟ್ಟ ಕೊಳವೆ ಕೂರಿಸಿದರೆ ಬಿಗಿಯುವಾಗ ಮರ ಜಜ್ಜಿಹೋಗುವುದಿಲ್ಲ. ಇದರಿಂದ ರೈಫಲ್ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದೆ.

ಬೆರಳಿಗೂ ಗುಂಡಿಗೂ ನಡುವೆ

ಅಗ್ಗದ ರೈಫಲ್‌ನ ಟ್ರಿಗರ್ ಎಳೆಯಲು ಎರಡೂವರೆ ಕಿಲೋಗೂ ಮೀರಿದ ಬಲ ಬೇಕಾಗುವುದುಂಟು. 10/22ರಂಥ ರೈಫಲ್‌ನ ತೂಕವೇ ಸುಮಾರು 2.3 ಕಿಲೋ. ಒಂದು ವಸ್ತುವನ್ನು ಅಲುಗದಂತೆ ಹಿಡಿದುಕೊಂಡೇ ಅದರ ತೂಕಕ್ಕಿಂತ ಹೆಚ್ಚು ಬಲದಿಂದ ಅದರ ಒಂದು ಭಾಗವನ್ನು ಎಳೆಯುವುದು ಎಷ್ಟು ಕಷ್ಟ ಎಂಬುದು ಇಲ್ಲೇ ಗೊತ್ತಾಗುತ್ತದೆ. ಹಗುರವಾದ, ಒಮ್ಮೆಲೇ ಬಿಡುವ ಟ್ರಿಗರ್ ರೈಫಲ್‌ನ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ಇರುವ ಸಾಮರ್ಥ್ಯ ಕಾಗದದ ಮೇಲೆ ಕಾಣುವಂತೆ ಮಾಡುತ್ತದೆ. ಈಚಿನ ಹಲವು ಅಗ್ಗದ ಬೋಲ್ಟ್ ರೈಫಲ್‌ಗಳಲ್ಲಿ ಬಲವನ್ನು ಹೊಂದಿಸಿಕೊಳ್ಳುವ ತಿರುಪು ಕಾರ್ಖಾನೆಯಿಂದಲೇ ಬರುತ್ತದೆ. ತಯಾರಕರ ಮಿತಿಯೊಳಗೆ ಅದನ್ನು ಬಳಸುವುದು ಸುಲಭ ಮತ್ತು ಸುರಕ್ಷಿತ.

ಅದರಾಚೆಗಿನ ಕೆಲಸ ಬಂದೂಕು ರಿಪೇರಿಯವರಿಗೇ ಬಿಟ್ಟದ್ದು. ಅರದಿಂದ ಉಜ್ಜಿ ಅತಿ ಹಗುರ ಮಾಡಿದ ಟ್ರಿಗರ್ ರೈಫಲ್ ಕೆಳಗೆ ಬಿದ್ದಾಗ, ಬೋಲ್ಟ್ ಬಡಿದಾಗ ತಾನಾಗಿ ಸಿಡಿಯಬಹುದು. ಭಾರತದಲ್ಲಿ ಇದು ಕಾನೂನಿನ ಮಾತೂ ಹೌದು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕುಗಳ ದುರಸ್ತಿಗೂ ಮಾರ್ಪಾಡಿಗೂ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಇಲ್ಲಿನ ಪರವಾನಗಿದಾರರ ಕೈಯಲ್ಲಿರುವುದು ಕಾಡತೂಸಿನ ಆಯ್ಕೆ, ಶುಚಿ, ಸ್ಕೋಪ್ ಮತ್ತು ಅಭ್ಯಾಸ. ಟ್ರಿಗರ್ ಮತ್ತು ನಳಿಗೆಯ ಕೆಲಸ ಪರವಾನಗಿ ಪಡೆದ ರಿಪೇರಿಯವರದ್ದು.

ಕಣ್ಣಿನ ದೋಷ, ಗಾಜಿನ ದೋಷ

ಗುಂಪು ಚದುರಿದಾಗ ನಳಿಗೆಯನ್ನು ದೂರುವ ಮುನ್ನ ಸ್ಕೋಪ್ ಕೂರಿಸಿದ ತಿರುಪುಗಳನ್ನು ಮುಟ್ಟಿ ನೋಡಬೇಕು. ಅವು ಸಡಿಲವಾಗಿದ್ದರೆ ಉಳಿದೆಲ್ಲ ಶ್ರಮ ವ್ಯರ್ಥ. ಎರಡನೆಯದು ಪ್ಯಾರಲಾಕ್ಸ್ ದೋಷ. ದೊಡ್ಡ ರೈಫಲ್‌ಗಳ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕೂ ಹೆಚ್ಚಿನ ದೂರಕ್ಕೆ ಹೊಂದಿಸಿರುತ್ತಾರೆ. ಅಂಥದ್ದರಲ್ಲಿ 50 ಮೀಟರಿನ ಗುರಿ ನೋಡುವಾಗ ಕಣ್ಣು ಕೊಂಚ ಪಕ್ಕಕ್ಕೆ ಸರಿದರೂ ಅಡ್ಡಗೆರೆ ಗುರಿಯ ಮೇಲೆ ಜಾರಿದಂತೆ ಕಾಣುತ್ತದೆ. ರೈಫಲ್ ಅಲುಗಿರುವುದಿಲ್ಲ, ಆದರೆ ಗುರಿಯಿಡುವವರು ಅದನ್ನು ಅಲುಗಿಸಿ ‘ಸರಿ’ಪಡಿಸುತ್ತಾರೆ. ರಿಮ್‌ಫೈರ್ ಸ್ಕೋಪುಗಳನ್ನು 50 ಗಜದ ಆಸುಪಾಸಿಗೆ ಹೊಂದಿಸಿರುತ್ತಾರೆ. ದೂರಕ್ಕೆ ತಕ್ಕಂತೆ ಹೊಂದಿಸುವ ಉಂಗುರವಿರುವ ಸ್ಕೋಪ್ ಇನ್ನೂ ಒಳ್ಳೆಯದು.

ಶುಚಿಯಲ್ಲಿ ಮಿತಿ

ಸೀಸದ ಮೆತ್ತನೆಯ ಗುಂಡು ನಳಿಗೆಯನ್ನು ಸವೆಸುವುದು ತೀರ ಕಡಿಮೆ. ಶುಚಿ ಮಾಡುವ ಸಲಾಕೆ ಮಾಡುವ ಹಾನಿ ಹೆಚ್ಚು. ನಳಿಗೆಯ ಬಾಯಿಯ ಅಂಚು ಸುತ್ತಲೂ ಸಮವಾಗಿದ್ದಾಗ ಗುಂಡಿನ ಹಿಂದಿನ ಅನಿಲ ಎಲ್ಲ ಕಡೆಗೂ ಒಟ್ಟಿಗೆ ಹೊರಬರುತ್ತದೆ. ಒಂದು ಕಡೆ ಗೀರು ಬಿದ್ದರೆ ಅಲ್ಲಿ ಅನಿಲ ಮೊದಲು ನುಗ್ಗಿ ಗುಂಡಿನ ಬುಡವನ್ನು ಓರೆಯಾಗಿ ತಳ್ಳುತ್ತದೆ. ಸಾಧ್ಯವಿದ್ದ ಕಡೆ ಸಲಾಕೆಯನ್ನು ಹಿಂದಿನಿಂದ ತೂರಿಸಿ, ಇಲ್ಲವಾದರೆ ದಾರಕ್ಕೆ ಕಟ್ಟಿದ ಬಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದು ಒರೆಸುವುದು ಕ್ಷೇಮ. ಚೆನ್ನಾಗಿ ತೊಳೆಯಬೇಕಾದ ಜಾಗ ಕಾಡತೂಸು ಕೂರುವ ಚೇಂಬರ್. ಅದರ ಮುಂದೆ ಗಟ್ಟಿಯಾದ ಕರಿಯ ಉಂಗುರ ಕಟ್ಟಿಕೊಂಡು ಗುಂಪು ಮೆಲ್ಲಮೆಲ್ಲನೆ ಹಿಗ್ಗುತ್ತದೆ. ಉಳಿದ ನಳಿಗೆಯನ್ನು ಪ್ರತಿ ಸಲ ಹೊಳೆಯುವಂತೆ ಉಜ್ಜಿದರೆ ಹದವಾಗಿ ಕೂತ ಲೇಪವೂ ಹೋಗುತ್ತದೆ. ಬಾಯಿಯ ಅಂಚು ಕೆಟ್ಟಿದ್ದರೆ ಲೇಥ್‌ನಲ್ಲಿ ಹೊಸದಾಗಿ ಕತ್ತರಿಸಿಕೊಡುವ ಕೆಲಸ ರಿಪೇರಿಯವರಿಗೆ ದೊಡ್ಡದಲ್ಲ. ಕೆಟ್ಟ ರೈಫಲ್‌ನ ಮಟ್ಟಿಗೆ ಅದರ ಗುಣ ದೊಡ್ಡದು.

ಹೊಸ ನಳಿಗೆ ಕಡೆಯ ಮಾತು

ಅರೆಸ್ವಯಂಚಾಲಿತ ರೈಫಲ್‌ಗಳ ಚೇಂಬರನ್ನು ಎಲ್ಲ ಬಗೆಯ ಕಾಡತೂಸೂ ಸಿಕ್ಕಿಕೊಳ್ಳದೆ ಹೋಗಲೆಂದು ಸಡಿಲವಾಗಿ ಕೊರೆದಿರುತ್ತಾರೆ. ಸ್ಪರ್ಧಾ ರೈಫಲ್‌ನ ಚೇಂಬರ್ ಬಿಗಿ. ಅದರಲ್ಲಿ ಗುಂಡು ಹೊರಡುವ ಮೊದಲೇ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ತಾಗಿ ನೇರವಾಗಿ ಕೂತಿರುತ್ತದೆ. 10/22ರ ನಳಿಗೆಯನ್ನು ವಿ ಆಕಾರದ ತುಂಡು ಮತ್ತು ಎರಡು ತಿರುಪುಗಳು ಹಿಡಿದಿರುವುದರಿಂದ ಅಮೆರಿಕದಲ್ಲಿ ನಳಿಗೆ ಬದಲಿಸುವುದು ಮನೆಮಾತಾಗಿ, ಅದರ ಸುತ್ತ ದೊಡ್ಡ ವ್ಯಾಪಾರವೇ ಬೆಳೆದಿದೆ. ಆದರೆ ಹೊಸ ನಳಿಗೆಯ ಬೆಲೆ ಮೂಲ ರೈಫಲ್‌ನ ಬೆಲೆಯ ಹತ್ತಿರ ಬಂದುಬಿಡುತ್ತದೆ. ಮೇಲಿನ ಹೆಜ್ಜೆಗಳೆಲ್ಲ ಮುಗಿದು, ಬರೆದಿಟ್ಟ ಅಂಕಿಗಳು ಇಳಿಯದೆ ನಿಂತಾಗ ಮಾತ್ರ ಅದನ್ನು ಯೋಚಿಸುವುದು ಸರಿ. ಉದ್ದವಾದ ನಳಿಗೆ ಹೆಚ್ಚು ನಿಖರ ಎಂಬ ನಂಬಿಕೆಗೂ ಇಲ್ಲಿ ಆಧಾರವಿಲ್ಲ. ಇಷ್ಟು ಕಡಿಮೆ ಮದ್ದು 16ರಿಂದ 19 ಇಂಚಿನೊಳಗೇ ತನ್ನ ಕೆಲಸ ಮುಗಿಸಿರುತ್ತದೆ.

ಗಾಳಿ ಮತ್ತು ಗುರಿಕಾರ

ಪಾಯಿಂಟ್ 22ರ ಗುಂಡು ಹಗುರ, ನಿಧಾನ. ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗದ ಅಡ್ಡಗಾಳಿ 50 ಮೀಟರಿನಲ್ಲಿ ಅದನ್ನು ಸುಮಾರು 25 ಮಿಲಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಅಂತರರಾಷ್ಟ್ರೀಯ 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ ಕಾಡತೂಸಿನಿಂದ, ಇದೇ ಅಳತೆಯ ವೃತ್ತಕ್ಕೆ ಹೊಡೆದು. ಹೈ ವೆಲಾಸಿಟಿ ಗುಂಡು ಗಾಳಿಗೆ ಕಡಿಮೆ ಬಾಗುತ್ತದೆ ಎಂದುಕೊಳ್ಳುವುದು ಸಹಜ. ವಾಸ್ತವ ತಿರುಗುಮುರುಗು. ಶಬ್ದದ ವೇಗದ ಮೇಲೆ ಗಾಳಿಯ ತಡೆ ಹೆಚ್ಚಾಗಿ ಅದು ಬೇಗ ವೇಗ ಕಳೆದುಕೊಳ್ಳುತ್ತದೆ, ಕಳೆದುಕೊಂಡಷ್ಟೂ ಗಾಳಿ ಅದನ್ನು ಹೆಚ್ಚು ತಳ್ಳುತ್ತದೆ. ಗುರಿಯ ದಾರಿಯಲ್ಲಿ ಒಂದೆರಡು ಕಡೆ ಬಣ್ಣದ ರಿಬ್ಬನ್ ಕಟ್ಟಿ, ಅದು ಒಂದೇ ರೀತಿ ಹಾರಾಡುವಾಗ ಮಾತ್ರ ಹೊಡೆಯುವುದು ಹಣ ಖರ್ಚಿಲ್ಲದ ಸುಧಾರಣೆ.

ಟ್ರಿಗರ್ ಎಳೆದ ಮೇಲೂ ಗುಂಡು ಕೆಲವು ಮಿಲಿಸೆಕೆಂಡು ನಳಿಗೆಯೊಳಗೇ ಇರುತ್ತದೆ. ಅಷ್ಟರಲ್ಲಿ ತಲೆಯೆತ್ತಿದರೆ, ಹಿಡಿತ ಸಡಿಲಿಸಿದರೆ, ಗುಂಡು ಆ ಅಲುಗಾಟವನ್ನೂ ಹೊತ್ತುಕೊಂಡೇ ಹೋಗುತ್ತದೆ. ಹೊಡೆದ ಮೇಲೂ ಒಂದು ಕ್ಷಣ ಹಾಗೆಯೇ ಗುರಿ ನೋಡುತ್ತಿರುವ ಅಭ್ಯಾಸವನ್ನು ಎನ್‌ಸಿಸಿ ಕೆಡೆಟ್‌ಗಳಿಂದ ಒಲಿಂಪಿಕ್ ಸ್ಪರ್ಧಿಗಳವರೆಗೆ ಎಲ್ಲರೂ ರೂಢಿಸಿಕೊಳ್ಳಬೇಕಾಗುತ್ತದೆ. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹಾರಬಲ್ಲದು. ಹಾಗಾಗಿ ಗುರಿಯ ಹಿಂದೆ ಗುಂಡನ್ನು ಹಿಡಿಯುವ ಮಣ್ಣಿನ ದಿಬ್ಬ ಇಲ್ಲದ ಕಡೆ ಯಾವ ಪರೀಕ್ಷೆಯೂ ಸಲ್ಲದು.

ಹೀಗೆ ಕ್ರಮ ಸ್ಪಷ್ಟವಾಗಿದೆ: ಅಳತೆ, ಕಾಡತೂಸು, ತಿರುಪು ಮತ್ತು ಮರ, ಟ್ರಿಗರ್, ಸ್ಕೋಪ್, ಶುಚಿ, ಕಟ್ಟಕಡೆಗೆ ನಳಿಗೆ. ಇವೆಲ್ಲದರ ಜತೆಗೂ ಅಭ್ಯಾಸ. ಪ್ರತಿ ಹೆಜ್ಜೆಯೂ ಒಂದು ಏರುಪೇರನ್ನು ತೆಗೆದುಹಾಕುತ್ತದೆ, ಉಳಿದ ಏರುಪೇರುಗಳು ಮುಂದಿನ ಗುಂಪಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅವನ್ನು ಗುರುತಿಸಲು ಬೇಕಾದ ಸಾಧನ ಮೊದಲ ದಿನ ಬರೆದಿಟ್ಟ ಆ ಐದು ಗುಂಪುಗಳ ಸರಾಸರಿ.